ಜ್ವರ ಬಂದ ದಾರಿ

ಮೈಸೂರು ಬಿಟ್ಟು ನಂಜನಗೂಡಿನ ಸೀಮೆಗೆ ಇಳಿದು, ಕಪಿಲೆಯ ದಂಡೆಯ ಸುತ್ತೂರಿಗೆ ಬರುವ ಹಾದಿಯಲ್ಲಿ ಕಾಡು ಎಲ್ಲೂ ಎದುರಾಗುವುದಿಲ್ಲ. ನಾಲೆ ನೀರಿನ ಭತ್ತದ ಬಯಲು, ಬಾಳೆ, ಕಬ್ಬು, ತೆಂಗಿನ ಸಾಲು, ಹೊಳೆಯ ಆಚೆಗೂ ಅದೇ ಹಸಿರು. ಪುಷ್ಯ ಬಹುಳದಲ್ಲಿ ಆದಿಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆ ಕೂಡಿತೆಂದರೆ ಈ ಊರಿಗೆ ಲಕ್ಷಗಟ್ಟಲೆ ಜನ ಬಂದು ಹೋಗುತ್ತಾರೆ. ತೇರು, ಕೊಂಡ, ತೆಪ್ಪ, ಕುಸ್ತಿ, ಸಾಮೂಹಿಕ ವಿವಾಹ, ಕೃಷಿ ಮೇಳ, ಜೋಡೆತ್ತುಗಳನ್ನು ಸಿಂಗರಿಸಿ ಕಟ್ಟಿದ ದನಗಳ ಪರಿಷೆ, ಎಲ್ಲವೂ ಕೆಲವೇ ದಿನಗಳಲ್ಲಿ ನಡೆದು ಮುಗಿಯುತ್ತವೆ. ಅದೇ ಜನವರಿ, ಫೆಬ್ರವರಿಯ ಹೊತ್ತಿಗೆ ಮಲೆನಾಡಿನ ಆಸ್ಪತ್ರೆಗಳಲ್ಲಿ ಇನ್ನೊಂದು ಲೆಕ್ಕ ಏರತೊಡಗಿರುತ್ತದೆ: ಮಂಗನ ಕಾಯಿಲೆಯದು. ಈ ಕಾಯಿಲೆಯ ಹೆಸರೆತ್ತಿದರೆ ಕನ್ನಡಿಗರಿಗೆ ನೆನಪಾಗುವುದು ಸೊರಬ, ಸಾಗರ, ತೀರ್ಥಹಳ್ಳಿ, ಹೊಸನಗರ. ಸುತ್ತೂರು ಯಾರಿಗೂ ನೆನಪಾಗುವುದಿಲ್ಲ. ಆದರೂ ಉಣ್ಣೆಯಿಂದ ಹರಡುವ ಜ್ವರಕ್ಕೆ ನಮ್ಮ ಸ್ಥಳೀಯ ಆರೋಗ್ಯ ವ್ಯವಸ್ಥೆ ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಬೇಕಾದರೆ ಕಾಯಿಲೆ ಇರುವ ಊರಿಗಿಂತ ಕಾಯಿಲೆ ಇಲ್ಲವೆಂದು ಎಲ್ಲರೂ ನಂಬಿರುವ ಇಂಥ ಊರಿನಿಂದ ಹೊರಡುವುದು ಮೇಲು. ನಮ್ಮ ವ್ಯವಸ್ಥೆ ಜ್ವರವನ್ನು ರೋಗಿಯ ಮನೆ ವಿಳಾಸದಲ್ಲಿ ಬರೆದಿಡುತ್ತದೆ. ಉಣ್ಣೆಯ ಜ್ವರವಾದರೋ ಅವನು ನಡೆದ ದಾರಿಯಲ್ಲಿ ಅಂಟಿಕೊಂಡದ್ದು. ಈ ಎರಡರ ನಡುವಿನ ಅಂತರದಲ್ಲೇ ಜೀವಗಳು ಹೋಗುತ್ತಿವೆ ಎಂಬುದು ಈ ಬರಹದ ವಾದ.

ದಾರಿಯನ್ನೇ ಮೊದಲು ನೋಡೋಣ. ಕೊಳ್ಳೇಗಾಲದಿಂದ ಹೊರಟ 766ನೇ ರಾಷ್ಟ್ರೀಯ ಹೆದ್ದಾರಿ ತಿರುಮಕೂಡಲು ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಬಂಡೀಪುರದ ಕಾಡನ್ನು ಹೊಕ್ಕು, ಮೂಲೆಹೊಳೆ ದಾಟಿ, ವಯನಾಡಿನ ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೆ ಇಳಿಯುತ್ತದೆ. ಹೊಳೆಯದು ಇದಕ್ಕೆ ಎದುರು ದಿಕ್ಕಿನ ಪಯಣ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಬಿನಿ, ಅಂದರೆ ಕಪಿಲೆ, ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಅಣೆಕಟ್ಟೆಗೆ ಸಿಕ್ಕಿ, ನಂಜನಗೂಡು, ಸುತ್ತೂರುಗಳನ್ನು ಮುಟ್ಟಿ, ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನೀರಿನಲ್ಲಿ ಈ ರೋಗ ಬರುವುದಿಲ್ಲ, ನಿಜ. ಆದರೆ ಬಯಲು ಬೇರೆ, ಕಾಡು ಬೇರೆ ಎಂಬ ಎಣಿಕೆ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ನಂಜನಗೂಡು ತಾಲ್ಲೂಕಿನ ಒಂದು ಅಂಚಿನಲ್ಲಿ ಸುತ್ತೂರಿನ ಗದ್ದೆಗಳಿದ್ದರೆ ಇನ್ನೊಂದು ಅಂಚಿನಲ್ಲಿ ಹೆಡಿಯಾಲವಿದೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಹೆಡಿಯಾಲ ವಲಯಕ್ಕೆ ಹೆಸರು ಕೊಟ್ಟ ಊರು ಅದು. ಒಬ್ಬನೇ ತಾಲ್ಲೂಕು ಆರೋಗ್ಯಾಧಿಕಾರಿಯ ಕೈಕೆಳಗೆ ಎರಡೂ ಬರುತ್ತವೆ. ಒಂದೇ ಮನೆತನದ ಗಂಡು ಇಲ್ಲಿ, ಹೆಣ್ಣು ಅಲ್ಲಿ. ಹೊಲ ಇಲ್ಲಿ, ದನ ಮೇಯುವುದು ಅಲ್ಲಿ. ತಾಲ್ಲೂಕಿನ ಒಳಗೇ ಇಷ್ಟು ಓಡಾಟವಿರುವಾಗ ಜಿಲ್ಲೆ, ರಾಜ್ಯಗಳ ಗಡಿಯನ್ನು ನಂಬಿ ರೋಗದ ನಕ್ಷೆ ಬರೆಯುವುದು ಸುಲಭ, ಸರಿಯಲ್ಲ.

ಕಾಯಿಲೆಯ ಕಥೆ ಶುರುವಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲುಸಾಲಾಗಿ ಸತ್ತು ಬೀಳುತ್ತಿದ್ದವು, ಅಕ್ಕಪಕ್ಕದ ಹಳ್ಳಿಗಳಲ್ಲಿ ಜನ ಜ್ವರಕ್ಕೆ ಬೀಳುತ್ತಿದ್ದರು. ಆಫ್ರಿಕಾದ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸ ವೈರಸ್. ಅದರ ನೆಂಟರು ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸುಗಳು. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣೆ ಇದರ ಮುಖ್ಯ ವಾಹಕ. ಮಳೆಗಾಲ ಮುಗಿದ ಮೇಲೆ ಮರಿಗಳು ಇಲಿ, ಮೂಗಿಲಿಗಳ ಮೈ ಹಿಡಿಯುತ್ತವೆ. ಬೇಸಗೆಯ ಮೊದಲಿಗೆ ಅವು ಬೆಳೆದು, ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣ ಉಣ್ಣೆಗಳಾಗಿ ತರಗೆಲೆಯ ಮೇಲೆ ಹರಡಿಕೊಂಡು, ಹಾದುಹೋಗುವ ಮಂಗಕ್ಕೂ ಮನುಷ್ಯನಿಗೂ ಹತ್ತುತ್ತವೆ. ಅದಕ್ಕೇ ಡಿಸೆಂಬರಿನಿಂದ ಮೇ ವರೆಗೆ ಕಾಯಿಲೆಯ ಕಾಲ. ಬಲಿತ ಉಣ್ಣೆಗೆ ಬೇಕಾದ ರಕ್ತವನ್ನು ಕಾಡಂಚಿನಲ್ಲಿ ಧಾರಾಳವಾಗಿ ಕೊಡುವುದು ದನ. ದನಕ್ಕೆ ಈ ರೋಗ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಹೆಚ್ಚುವುದೂ ಇಲ್ಲ. ಆದರೆ ಅದು ಉಣ್ಣೆಯ ಸಂತಾನವನ್ನು ಸಾಕುತ್ತದೆ. ಕಾಡು ಕಡಿದು, ನಡುವೆ ಗದ್ದೆ ತೋಟ ಮಾಡಿ, ಉಳಿದ ಕಾಡಿಗೆ ದನ ಬಿಟ್ಟಲ್ಲೆಲ್ಲ ಕಾಡಿನ ಒಳಗಿನ ಚಕ್ರ ಊರಿನ ಹೊಸ್ತಿಲಿಗೆ ಬಂದಿತು ಎಂದು ಹೋರ್ಹೆ ಬೋಶೆಲ್ 1960ರ ದಶಕದಲ್ಲೇ ಬರೆದಿದ್ದಾರೆ. ಒಟ್ಟಿನಲ್ಲಿ ಈ ರೋಗದ ಹುಟ್ಟೇ ಓಡಾಟದಲ್ಲಿದೆ: ದನ ಕಾಡಿಗೆ ಹೋಗುವುದು, ಸೌದೆ ಸೊಪ್ಪಿಗೆ ಮನುಷ್ಯ ಹೋಗುವುದು, ಮಂಗ ತೋಟಕ್ಕೆ ಬರುವುದು. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಇದು ಹೋಗುವುದಿಲ್ಲ.

ಇದನ್ನು ಎದುರಿಸಲು ನಾವು ಕಟ್ಟಿದ ವ್ಯವಸ್ಥೆ ಸಣ್ಣದೇನಲ್ಲ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಸ್ ಪತ್ತೆ ಪ್ರಯೋಗಾಲಯವಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರದ ಲೆಕ್ಕ ತೆಗೆದುಕೊಳ್ಳುತ್ತಾರೆ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆಯನ್ನು ಪುಕ್ಕಟೆಯಾಗಿ ಹಂಚುತ್ತಾರೆ. ಮಂಗ ಸತ್ತ ಜಾಗದ ಸುತ್ತ 50 ಮೀಟರ್ ಮೆಲಾಥಿಯಾನ್ ಪುಡಿ ಚೆಲ್ಲುತ್ತಾರೆ, ಯಾಕೆಂದರೆ ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣ್ಣೆಗಳು ಇಳಿದು ಹೊಸ ಆಸರೆ ಹುಡುಕುತ್ತವೆ. 1990ರಿಂದ 2022ರ ವರೆಗೆ ಲಸಿಕೆಯೂ ಇತ್ತು. ಆದರೆ ಇವೆಲ್ಲ ಎಲ್ಲಿ ನಡೆಯಬೇಕೆಂದು ತೀರ್ಮಾನಿಸುವುದು ಹಿಂದಿನ ಪ್ರಕರಣಗಳ ಪಟ್ಟಿ. ರೋಗಿ ಅಥವಾ ಸತ್ತ ಮಂಗ ಸಿಕ್ಕ ಜಾಗದ ಸುತ್ತ ಐದು ಕಿಲೋಮೀಟರಿಗೆ ಲಸಿಕೆ ಎಂಬ ಲೆಕ್ಕ ಹುಟ್ಟಿದ್ದು ಹಾಗೆ. ಹಳೆಯ ನಕ್ಷೆಯ ಮೇಲೆ ಹೊಸ ವರ್ಷದ ಕೆಲಸ ನಡೆಯುತ್ತದೆ, ರೋಗ ಮಾತ್ರ ನಕ್ಷೆಯ ಹೊರಗೆ ಹೋಗಿ ಕೂರುತ್ತದೆ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರುತೋಪಿಗಾಗಿ ಕಾಡು ಕಡಿದ ಮೇಲೆ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದದ್ದು ಹೀಗೆಯೇ. ಅಲ್ಲಿಯವರೆಗೆ ಅದು ಶಿವಮೊಗ್ಗ ಸೀಮೆಯ ರೋಗವೆನ್ನಿಸಿಕೊಂಡಿತ್ತು. ಹೊಸ ಜಾಗದ ಮೊದಲ ರೋಗಿಗಳು ತಮ್ಮ ಜೀವ ತೆತ್ತು ಆ ಜಾಗವನ್ನು ನಕ್ಷೆಗೆ ಸೇರಿಸುತ್ತಾರೆ, ಮುಂದಿನವರಿಗೆ ವ್ಯವಸ್ಥೆ ಬರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಕ್ರಮವನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ವಿಳಾಸವನ್ನೇ ಆಧಾರವಾಗಿ ಇಟ್ಟುಕೊಂಡ ಯಾವ ವ್ಯವಸ್ಥೆಯೂ ಕೊನೆಗೆ ಬಂದು ಮುಟ್ಟುವುದು ಅಲ್ಲಿಗೇ.

ಸುತ್ತೂರಿಗೆ ಹತ್ತಿರದ ಸಾಕ್ಷಿ ಬೇಕಾದರೆ ಅದೇ ಹೆದ್ದಾರಿಯಲ್ಲಿ ಬಂಡೀಪುರಕ್ಕೆ ಹೋಗಬೇಕು. 2012ರ ಕೊನೆಯಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಆಗ ಚಾಮರಾಜನಗರ ಜಿಲ್ಲೆ ಮಂಗನ ಕಾಯಿಲೆಯ ಪಟ್ಟಿಯಲ್ಲಿ ಇರಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಪಶ್ಚಿಮ ಘಟ್ಟದ ಮಲೆನಾಡು, ಕರಾವಳಿಯ ಐದು ಜಿಲ್ಲೆಗಳ ರೋಗವಾಗಿತ್ತು. ಸತ್ತ ಮಂಗಗಳನ್ನು ಕೊಯ್ದು ಪರೀಕ್ಷಿಸುವ, ಸುಡುವ ಕೆಲಸದಲ್ಲಿ ಕೈಜೋಡಿಸಿದವರೇ ಜ್ವರಕ್ಕೆ ಬಿದ್ದರು. ಮಂಗ, ಉಣ್ಣೆ, ಮನುಷ್ಯ ಮೂವರಲ್ಲೂ ವೈರಸ್ ಇರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಅದರ ಬೆನ್ನಿಗೇ ನೀಲಗಿರಿ, ವಯನಾಡುಗಳಿಂದಲೂ ಸುದ್ದಿ ಬಂತು. 2015ರಲ್ಲಿ ವಯನಾಡಿನಲ್ಲಿ ನೂರರಷ್ಟು ಜನ ಕಾಯಿಲೆ ಬಿದ್ದು ಹಲವರು ತೀರಿಕೊಂಡರು. ಅವರಲ್ಲಿ ಬಹಳ ಮಂದಿ ಕಾಡನ್ನೇ ನಂಬಿದ, ನಮ್ಮ ಜೇನುಕುರುಬರಿಗೆ ಹತ್ತಿರದವರಾದ ಕಾಟ್ಟುನಾಯಕರು. ಬಂಡೀಪುರದ ಪ್ರಕರಣದಲ್ಲಿ ನೋಡಬೇಕಾದದ್ದು ಯಾರೋ ಒಬ್ಬರ ಅಜಾಗ್ರತೆಯನ್ನಲ್ಲ. ಸತ್ತ ಮಂಗವನ್ನು ಬರಿಗೈಯಲ್ಲಿ ಮುಟ್ಟಬಾರದೆಂಬ ಮಾತು ಶಿವಮೊಗ್ಗದ ಹಳ್ಳಿಯ ಮಕ್ಕಳಿಗೂ ಗೊತ್ತಿತ್ತು. ಅದೇ ರಾಜ್ಯದ, ಅದೇ ಸರ್ಕಾರದ ಇನ್ನೊಂದು ಮೂಲೆಯಲ್ಲಿ, ಇಡೀ ದಿನ ಕಾಡಿನಲ್ಲೇ ಕಳೆಯುವವರಿಗೆ ಆ ತಿಳಿವಳಿಕೆ ತಲುಪಿರಲಿಲ್ಲ. ಅದು ತಲುಪಬೇಕಾದ ಹಳ್ಳಿಗಳ ಪಟ್ಟಿಯನ್ನು ರೋಗಿಗಳ ವಿಳಾಸಗಳೇ ಬರೆದಿದ್ದವು.

ಇಲ್ಲಿಂದ ಸುತ್ತೂರಿನ ಕಡೆ ಮತ್ತೆ ತಿರುಗಿ ನೋಡಿದರೆ ಆ ಬಯಲಿನ ಊರು ಬೇರೆಯಾಗಿ ಕಾಣುತ್ತದೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕೂಲಿಯವರು ಸುಗ್ಗಿ ಮುಗಿದ ಮೇಲೆ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುತ್ತಾರೆ, ಮೆಣಸಿನ ಕೆಲಸಕ್ಕೆ ವಯನಾಡಿಗೆ ಹೋಗುತ್ತಾರೆ. ಕಾಫಿ ಹಣ್ಣು ಬಿಡಿಸುವ ಕಾಲವೂ ಉಣ್ಣೆ ಕಚ್ಚುವ ಕಾಲವೂ ಹೆಚ್ಚುಕಡಿಮೆ ಒಂದೇ. ತೋಟದ ನೆರಳಿನಲ್ಲಿ, ತರಗೆಲೆಯ ಮೇಲೆ, ಕಾಡಿಗೆ ಹೊಂದಿಕೊಂಡ ಲೈನ್ ಮನೆಗಳಲ್ಲಿ ಕಳೆದ ವಾರಗಳ ಕೊನೆಗೆ ಅವರು ಬಸ್ಸು, ಜೀಪು ಹತ್ತಿ ಊರಿಗೆ ಬರುತ್ತಾರೆ, ಹಬ್ಬಕ್ಕೋ ಜಾತ್ರೆಗೋ. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ. ಹಾಗಾಗಿ ಜ್ವರ ಕಾಣಿಸಿಕೊಳ್ಳುವುದು ತೋಟದಲ್ಲಲ್ಲ, ಊರಿನಲ್ಲಿ. ಆಸ್ಪತ್ರೆಯ ಚೀಟಿಯಲ್ಲಿ ಬರೆಯುವುದು ನಂಜನಗೂಡು ತಾಲ್ಲೂಕಿನ ಯಾವುದೋ ಹಳ್ಳಿಯ ಹೆಸರು. ಮುಂದೆ ಕೂತ ವೈದ್ಯರಿಗೆ ಆ ಹೆಸರು ಡೆಂಗಿಯನ್ನು ನೆನಪಿಸುತ್ತದೆ, ಟೈಫಾಯಿಡನ್ನು ನೆನಪಿಸುತ್ತದೆ, ಮಂಗನ ಕಾಯಿಲೆಯನ್ನಲ್ಲ. ಇಂಥ ರೋಗಿ ಇಂಥ ದಿನ ಬಂದಿದ್ದ ಎಂದು ತೋರಿಸುವ ದಾಖಲೆ ಸಿಗುವುದು ಕಷ್ಟ. ಕೇಳದ ಪ್ರಶ್ನೆಗೆ ಉತ್ತರ ದಾಖಲಾಗುವುದಿಲ್ಲ. ಹಾಗಾಗಿ ಈ ತಾಲ್ಲೂಕಿನಲ್ಲಿ ಕಾಯಿಲೆ ಇಲ್ಲ ಎಂಬ ಮಾತಿಗೆ ಇರುವ ತೂಕ, ಇಲ್ಲಿ ಯಾರಾದರೂ ಅದನ್ನು ಹುಡುಕಿದ್ದಾರೆಯೇ ಎಂಬುದರ ಮೇಲೆ ನಿಂತಿದೆ.

ಹೀಗೆ ವಿಳಾಸವನ್ನೇ ನೆಚ್ಚುವುದು ಬಡ ದೇಶದ, ಕೈ ಸಾಲದ ಇಲಾಖೆಯ ತೊಂದರೆಯೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಉಣ್ಣೆಯಿಂದ ಬರುವ ಲೈಮ್ ರೋಗದ ಪ್ರಕರಣಗಳನ್ನು ಅಲ್ಲಿಯ ರೋಗ ನಿಯಂತ್ರಣ ಸಂಸ್ಥೆ ಲೆಕ್ಕ ಹಾಕುವುದು ರೋಗಿ ವಾಸಿಸುವ ಕೌಂಟಿಯ ಹೆಸರಿನಲ್ಲಿ, ಉಣ್ಣೆ ಕಚ್ಚಿದ ಜಾಗದ ಹೆಸರಿನಲ್ಲಲ್ಲ. ತಮ್ಮ ನಕ್ಷೆಗೆ ಈ ಮಿತಿ ಇದೆಯೆಂದು ಅವರೇ ಹೇಳಿಕೊಳ್ಳುತ್ತಾರೆ. ದಾರಿಯನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಅದೂ ಮಂಗನ ಕಾಯಿಲೆಯ ಸಂಬಂಧಿಯಿಂದಲೇ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಕುರಿ, ಒಂಟೆಗಳ ಒಡನಾಟದವರಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ನಮ್ಮ ಕ್ಯಾಸನೂರಿನ ವೈರಸ್ಸಿನ ಅತಿ ಹತ್ತಿರದ ದಾಯಾದಿ. 2010ರಲ್ಲಿ ಜ್ವರ ಹೊತ್ತು ಇಟಲಿಗೆ ಮರಳಿದ ಇಬ್ಬರು ಪ್ರವಾಸಿಗರಲ್ಲಿ ಅದು ಪತ್ತೆಯಾಯಿತು. ಇಟಲಿಯಲ್ಲಿ ಆ ರೋಗವೇ ಇಲ್ಲ. ಅವರು ಎಲ್ಲೆಲ್ಲಿಗೆ ಹೋಗಿದ್ದರೆಂದು ವಿಚಾರಿಸಿದಾಗ ಈಜಿಪ್ಟಿನ ದಕ್ಷಿಣ ಗಡಿಯ ಶಲಾತೀನ್ ಎಂಬ ಊರಿನ ಒಂಟೆ ಸಂತೆ ಹೊರಬಂತು. ಆ ವೈರಸ್ ಈಜಿಪ್ಟಿನ ಕಡೆಯಲ್ಲೂ ಇರಬಹುದೆಂಬ ಸುಳಿವು ಸಿಕ್ಕಿದ್ದು ಆ ವಿಚಾರಣೆಯಿಂದ. ರೋಗಿಯ ಪ್ರವಾಸದ ಕಥನವೇ ಅಲ್ಲಿ ಪ್ರಯೋಗಾಲಯಕ್ಕೆ ದಾರಿ ತೋರಿಸಿತು.

ನಂಜನಗೂಡಿನಂಥ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತವರು ಇದಕ್ಕೆ ತಕ್ಷಣ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವ ವೈದ್ಯರು ಪ್ರತಿ ಜ್ವರಕ್ಕೂ ಅಪರೂಪದ ಕಾಯಿಲೆಯನ್ನು ಶಂಕಿಸುತ್ತ ಕೂತರೆ ಕೆಲಸ ಸಾಗುವುದು ಹೇಗೆ? ಆದರೆ ಇಲ್ಲಿ ಕೇಳುತ್ತಿರುವುದು ಎಲ್ಲರಿಗೂ ಪರೀಕ್ಷೆಯನ್ನಲ್ಲ, ಒಂದು ಪ್ರಶ್ನೆಯನ್ನು. ಅದೂ ವರ್ಷವಿಡೀ ಬೇಕಿಲ್ಲ. ಡೆಂಗಿ ಹೆಚ್ಚುವುದು ಮಳೆಗಾಲದಲ್ಲಿ, ಈ ಕಾಯಿಲೆ ಒಣಗಾಲದಲ್ಲಿ. ಡಿಸೆಂಬರಿನಿಂದ ಮೇ ವರೆಗೆ ಇದ್ದಕ್ಕಿದ್ದಂತೆ ಏರಿದ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಕಾಲುಗಳ ಸೆಳೆತ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿದಿರುವುದು, ಡೆಂಗಿ ಪರೀಕ್ಷೆ ನೆಗೆಟಿವ್. ಇಷ್ಟು ಕೂಡಿದವರನ್ನು ‘ಕಳೆದ ಎರಡು ವಾರ ಎಲ್ಲೆಲ್ಲಿದ್ದಿರಿ’ ಎಂದು ಕೇಳಿದರೆ, ಕಾಡು ತೋಟಗಳ ಹೆಸರು ಹೇಳುವವರು ಕೆಲವೇ ಮಂದಿ ಉಳಿಯುತ್ತಾರೆ. ಅವರ ರಕ್ತದ ಮಾದರಿಯಷ್ಟೇ ತಣ್ಣನೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಹೋಗಬೇಕು, ಅದೂ ಬೇಗ. ವೈರಸ್ ರಕ್ತದಲ್ಲಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಇದಕ್ಕೆ ಸಿಗುವ ಮದ್ದು ಏನು, ನಿರ್ದಿಷ್ಟ ಔಷಧಿಯೇ ಇಲ್ಲವಲ್ಲ ಎಂದು ಇನ್ನೊಬ್ಬರು ಕೇಳಬಹುದು. ಔಷಧಿ ಇಲ್ಲದಿರುವುದರಿಂದಲೇ ಬೇಗ ತಿಳಿಯುವುದು ಮುಖ್ಯ. ನೂರಕ್ಕೆ ಮೂರರಿಂದ ಐದು ಮಂದಿಯನ್ನು ಕೊಲ್ಲುವ ಈ ಜ್ವರದಲ್ಲಿ ಬದುಕಿಸುವುದು ರಕ್ತಸ್ರಾವ, ನಿರ್ಜಲತೆಗಳ ಮೇಲಿನ ಕಣ್ಣು. ಇಳಿದ ಜ್ವರ ಒಂದೆರಡು ವಾರ ಬಿಟ್ಟು ಮಿದುಳಿನ ತೊಂದರೆಯೊಡನೆ ಕೆಲವರಲ್ಲಿ ಮರಳುತ್ತದೆ. ಆ ಎರಡನೆಯ ಸುತ್ತನ್ನು ಕಾಯಲು ಮನೆಯ ವಿಳಾಸ ಬೇಕೇ ಬೇಕು. ವಿಳಾಸ ಬೇಡವೆನ್ನುವುದಲ್ಲ, ಅದರ ಪಕ್ಕದಲ್ಲಿ ದಾರಿಯೂ ಇರಲಿ ಎನ್ನುವುದು.

ಲಸಿಕೆ ಬಂದರೆ ಇದೆಲ್ಲ ಬೇಕಿಲ್ಲ ಎಂಬ ಆಸೆಯೂ ಇದೆ. ಹಳೆಯ ಲಸಿಕೆ ಹೇಳುವ ಪಾಠ ಬೇರೆ. 2005ರಿಂದ 2010ರ ವರೆಗಿನ ಅಂಕಿಅಂಶಗಳನ್ನು ಲೆಕ್ಕ ಹಾಕಿದಾಗ ಎರಡು ಡೋಸ್ ಪಡೆದವರಿಗೆ ಸುಮಾರು ನೂರಕ್ಕೆ 62ರಷ್ಟು, ವರ್ಧಕ ಡೋಸೂ ಸೇರಿದರೆ 83ರಷ್ಟು ರಕ್ಷಣೆ. ಒಂದೇ ಡೋಸಿಗೆ ಏನೂ ಇಲ್ಲ. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾದ, ಚುಚ್ಚಿದಲ್ಲಿ ನೋಯುವ ಸೂಜಿಗೆ ಜನ ಪೂರ್ತಿ ಬರಲಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಸಿಡಿದಾಗ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಲಸಿಕೆಯ ಪೂರ್ಣ ಸುತ್ತು ಮುಗಿಸಿದವರಲ್ಲ. ಮಂಗನ ಕಾಯಿಲೆಯ ತವರಿನಲ್ಲೇ ಹೀಗಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಕೆಲಸ ಮಾಡುತ್ತಿದೆ. ಅದು ಬರಬೇಕು, ಬರಲಿ. ಆದರೆ ಅದನ್ನು ಯಾರಿಗೆ ಹಾಕಬೇಕೆಂಬ ಪ್ರಶ್ನೆ ಎದ್ದ ದಿನ ಮತ್ತೆ ನಕ್ಷೆ ಬಿಚ್ಚಬೇಕಾಗುತ್ತದೆ. ಕೊಡಗಿನ ತೋಟಕ್ಕೆ ಹೋಗುವ ನಂಜನಗೂಡಿನ ಕೂಲಿ ಹೆಂಗಸು ಆ ನಕ್ಷೆಯಲ್ಲಿ ಕಾಣುತ್ತಾಳೋ ಇಲ್ಲವೋ ಎಂಬುದು ಈಗ ನಾವು ಏನನ್ನು ಬರೆದಿಡುತ್ತೇವೆ ಎಂಬುದನ್ನು ನೆಚ್ಚಿಕೊಂಡಿದೆ.

ಜಾತ್ರೆಯ ಕಾಲದಲ್ಲಿ ಇಂಥ ಮಾತೆತ್ತಿ ಜನರನ್ನು ಹೆದರಿಸುವುದೇಕೆ ಎಂಬುದು ಮುಂದಿನ ಆಕ್ಷೇಪ. ಹೆದರಲು ಕಾರಣವಿಲ್ಲವೆಂಬುದನ್ನು ಹೇಳುವುದೇ ಇದರ ಮೊದಲ ಲಾಭ. ಮನುಷ್ಯರಿಂದ ಮನುಷ್ಯರಿಗೆ ಹರಡದ ರೋಗಕ್ಕೆ ತೇರಿನ ಜನಜಂಗುಳಿ ಅಪಾಯವಲ್ಲ. ಪರಿಷೆಗೆ ಬಂದ ಎತ್ತುಗಳ ಮೈಮೇಲೆ ಬಯಲು ಸೀಮೆಯಲ್ಲಿ ಹೆಚ್ಚಾಗಿ ಇರುವ ಉಣ್ಣೆ ಬೇರೆ ಜಾತಿಯದು. ಅದು ಬಬೇಸಿಯಾದಂಥ ರೋಗಗಳನ್ನು ದನಗಳಿಗೆ ತರುತ್ತದೆ, ಮಂಗನ ಕಾಯಿಲೆಯನ್ನು ನಮಗಲ್ಲ. ಅಪಾಯ ಜಾತ್ರೆಯಲ್ಲಿಲ್ಲ, ಜಾತ್ರೆಗೆ ಬಂದವರು ಹಿಂದೆ ಬಿಟ್ಟು ಬಂದ ಕಾಡಂಚಿನಲ್ಲಿದೆ. ಹೆಡಿಯಾಲದಿಂದ, ಹೆಗ್ಗಡದೇವನಕೋಟೆಯಿಂದ, ಗುಂಡ್ಲುಪೇಟೆಯಿಂದ, ಕೊಡಗಿನಿಂದ ಬಂದವರು ಒಂದೇ ಬಯಲಿನಲ್ಲಿ ಕೂಡುವ ಹೊತ್ತು ಆರೋಗ್ಯ ಇಲಾಖೆಗೆ ವರ್ಷದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ. ಉಣ್ಣೆಯ ವಿಷಯ ಹೇಳಿದರೆ ರೈತರು ಮೊದಲು ಕಿವಿಗೊಡುವುದು ಪಶುವೈದ್ಯರಿಗೆ. ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ, ಜಾತ್ರೆಗೆ ಕೃಷಿ ಮೇಳವಿದೆ. ದನದ ಉಣ್ಣೆಗೆ ಮದ್ದು ಹೇಳುವ ಅದೇ ಬಾಯಿ, ಕಾಡಿಗೆ ದನ ಬಿಟ್ಟವನು ಸಂಜೆ ತನ್ನ ಮೈಯನ್ನೂ ನೋಡಿಕೊಳ್ಳಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಕೊಡಬೇಕು ಎಂದರೆ ಸಾಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆ ವೈದ್ಯರ ಬಾಯಲ್ಲಿ ವಿಚಾರಣೆ, ಅರಣ್ಯ ಇಲಾಖೆಯ ಬಾಯಲ್ಲಿ ಆಪಾದನೆ. ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. ಅಪ್ಪಣೆಯಿಲ್ಲದೆ ಒಳಗೆ ಕಾಲಿಡುವುದು, ದನ ಮೇಯಿಸುವುದು, ಸೌದೆ ತರುವುದು ಅಪರಾಧ. ಕಾಡಿಗೆ ಹೋಗಿ ಜ್ವರ ತಂದುಕೊಂಡವನು ಆ ಮಾತನ್ನು ಸರ್ಕಾರಿ ಆಸ್ಪತ್ರೆಯ ಮೇಜಿನ ಮುಂದೆ ಯಾಕೆ ಒಪ್ಪಿಕೊಳ್ಳಬೇಕು? ಹೊಲದಲ್ಲಿದ್ದೆ ಎಂದರೆ ಮುಗಿಯಿತು. ಕಾಡಿಗೆ ಹೋಗಬೇಡಿ ಎಂಬ ಒಂದೇ ಸಲಹೆಯನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವವರು ಈ ಮೌನವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಒಲೆ, ದೊಡ್ಡಿ, ಕೂಲಿಗಳು ಕಾಡಂಚನ್ನೇ ನೆಚ್ಚಿಕೊಂಡ ಮನೆಗೆ ಅದು ಸಲಹೆಯಲ್ಲ, ಬೈಗುಳ. ಹಾಗೆಂದು ಪ್ರಶ್ನೆಯನ್ನೇ ಕೈಬಿಡಬೇಕೆಂದಲ್ಲ. ಅದಕ್ಕೆ ಬಂದ ಉತ್ತರ ಆರೋಗ್ಯ ಇಲಾಖೆಯ ಗೋಡೆ ದಾಟುವುದಿಲ್ಲವೆಂಬ ಭರವಸೆ ಮೊದಲು ಬೇಕು. ಅರಣ್ಯ ಇಲಾಖೆಗೆ ಹೋಗಬೇಕಾದದ್ದು ಸ್ಥಳದ ಹೆಸರು, ಹೋದವನ ಹೆಸರಲ್ಲ. ಇಲಾಖೆಯ ಕಾವಲುಗಾರರೇ ಮೊದಲ ರೋಗಿಗಳಾಗಬಹುದಾದ ಈ ಕಾಯಿಲೆಯಲ್ಲಿ ಆ ಇಲಾಖೆಗೂ ಇದರಿಂದ ನಷ್ಟವಿಲ್ಲ.

ಹಾಗಾದರೆ ಕಾಯಿಲೆ ಇಲ್ಲದ ತಾಲ್ಲೂಕಿನ ಆರೋಗ್ಯ ಕಚೇರಿ ಮಾಡಬೇಕಾದದ್ದು ಬಹಳವಿಲ್ಲ. ಒಣಗಾಲದ ಜ್ವರದ ಚೀಟಿಯಲ್ಲಿ ಊರಿನ ಹೆಸರಿನ ಕೆಳಗೆ ಎರಡು ವಾರದ ಓಡಾಟಕ್ಕೆ ಒಂದು ಸಾಲು, ಆ ಸಾಲನ್ನು ಜಿಲ್ಲೆಯ ಗಡಿಯಾಚೆಯ ಕಚೇರಿಗೂ ತಿಳಿಸುವ ಪರಿಪಾಟ, ಮಂಗ ಸತ್ತ ಸುದ್ದಿಯನ್ನು ಆರೋಗ್ಯ, ಅರಣ್ಯ, ಪಶುಪಾಲನೆ ಈ ಮೂರೂ ಇಲಾಖೆಗಳು ಅಂದೇ ಹಂಚಿಕೊಳ್ಳುವುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಆರೋಗ್ಯ ಕಾರ್ಯಕರ್ತೆಯಿಂದ ಪ್ರಯೋಗಾಲಯದ ವರೆಗೆ ಜ್ವರದ ವರದಿ ಸಾಗುವ ಆನ್‌ಲೈನ್ ವ್ಯವಸ್ಥೆ ಈಗಾಗಲೇ ಇದೆ. ಇಷ್ಟೆಲ್ಲ ಮಾಡಿಯೂ ನಂಜನಗೂಡಿನಲ್ಲಿ ಒಂದೂ ಪ್ರಕರಣ ಸಿಗದೆ ಹೋಗಬಹುದು. ಹಾಗಾದರೆ ಶ್ರಮ ವ್ಯರ್ಥವಾಯಿತೆಂದು ಲೆಕ್ಕಪತ್ರ ನೋಡುವವರು ಹೇಳುತ್ತಾರೆ. ಕೇಳಿ ತಿಳಿದ ಇಲ್ಲಕ್ಕೂ ಕೇಳದೆ ಬರೆದ ಇಲ್ಲಕ್ಕೂ ವ್ಯತ್ಯಾಸವಿದೆ. 2012ರ ವರೆಗೆ ಬಂಡೀಪುರದ ಲೆಕ್ಕದಲ್ಲಿ ಇದ್ದದ್ದು ಎರಡನೆಯ ಬಗೆಯ ಇಲ್ಲ. ಅದರ ಬೆಲೆ ತೆತ್ತವರು ಬರಿಗೈಯಲ್ಲಿ ಮಂಗ ಎತ್ತಿದವರು. ಮೊದಲನೆಯ ಬಗೆಯದನ್ನು ಸಂಪಾದಿಸಲು ತಗಲುವುದು ರೋಗಿಯೊಬ್ಬನೊಡನೆ ಒಂದು ನಿಮಿಷದ ಮಾತು, ಮತ್ತು ಅವನು ನಿಜ ಹೇಳಿದರೆ ಅವನಿಗೆ ತೊಂದರೆಯಾಗುವುದಿಲ್ಲ ಎಂಬ ಸರ್ಕಾರದ ಮಾತು. ನಿಮಿಷವನ್ನು ವೈದ್ಯರು ಕೊಟ್ಟಾರು. ಮಾತು ಕೊಡಬೇಕಾದವರು ಅವರಿಗಿಂತ ಮೇಲೆ ಕೂತಿದ್ದಾರೆ.